ಅಡಿಗೆಮನೆಯಲ್ಲೇ ಇಂಗ್ಲಿಷ್ ಕಾಲಗಳ ಪಾಠ



ಕನ್ನಡ ಮಾಧ್ಯಮದಲ್ಲಿ ಓದಿ, ಮಗುವನ್ನು ಇಂಗ್ಲಿಷ್ ಶಾಲೆಗೆ ಸೇರಿಸಿದ ತಾಯಂದಿರಿಗೆ ಒಂದು ದಿನ ಬಂದೇ ಬರುತ್ತದೆ. ಮಗು ನಾಲ್ಕನೆಯದೋ ಐದನೆಯದೋ ತರಗತಿಯಲ್ಲಿರುವಾಗ, "ನಿಂಗೆ ಇದೆಲ್ಲ ಗೊತ್ತಾಗಲ್ಲ ಬಿಡಮ್ಮ" ಎಂದು ಪುಸ್ತಕ ಎಳೆದುಕೊಂಡು ಬಿಡುತ್ತದೆ. ಆ ಮಾತು ನಾಟುತ್ತದೆ. ಅಂದಿನಿಂದ ಅಮ್ಮ ಹಾಲು ಕಾಯಿಸಿ ಕೊಡುವುದಕ್ಕೆ, ಪಾಠ ಟ್ಯೂಷನ್ನಿನವರಿಗೆ. ಪಾಠದ ಜೊತೆಗೆ ಮಗುವಿನ ಮಾತುಕತೆಯೂ ಮೆಲ್ಲಗೆ ಕೈತಪ್ಪುತ್ತದೆ.

ಹಾಗಾಗಬೇಕಿಲ್ಲ. ಇಂಗ್ಲಿಷಿನಲ್ಲಿ ಮಕ್ಕಳು ಬಹಳ ತಡವರಿಸುವುದು ಕ್ರಿಯಾಪದದ ಕಾಲಗಳಲ್ಲಿ, ಅಂದರೆ ಟೆನ್ಸುಗಳಲ್ಲಿ. ಅದನ್ನು ಹೇಳಿಕೊಡಲು ಬೇಕಾದ ಬಂಡವಾಳ ಒಳ್ಳೆಯ ಕನ್ನಡ ಬಲ್ಲ ಪ್ರತಿಯೊಬ್ಬ ತಾಯಿಯ ಬಳಿಯೂ ಇದೆ. ಮಾಡುತ್ತೇನೆ, ಮಾಡುತ್ತಿದ್ದೇನೆ, ಮಾಡಿದ್ದೇನೆ, ಮಾಡಿದೆ. ಈ ನಾಲ್ಕನ್ನೂ ಎಂದಾದರೂ ನೀವು ಕಲಸುಮೇಲೋಗರ ಮಾಡಿದ್ದೀರಾ? ಇಲ್ಲ ತಾನೇ? ಹಾಗಾದರೆ ಅರ್ಧ ಪಾಠ ನಿಮಗೆ ಬಂದ ಹಾಗೆಯೇ.

ಉಪ್ಪಿಟ್ಟಿನ ಪಾಠ

ಮಗುವನ್ನು ಅಡಿಗೆಮನೆಗೆ ಕರೆಯಿರಿ. ರವೆ ಬಾಣಲೆಯಲ್ಲಿದೆ, ಸೌಟು ಕೈಯಲ್ಲಿದೆ. "ಐ ಆಮ್ ರೋಸ್ಟಿಂಗ್ ದ ರವಾ." ಹುರಿಯುತ್ತಿದ್ದೇನೆ. ಕೆಲಸ ಕಣ್ಣೆದುರಿಗೇ ನಡೆಯುತ್ತಿದೆ. ಇದು ಪ್ರೆಸೆಂಟ್ ಕಂಟಿನ್ಯುಯಸ್.

ಉಪ್ಪಿಟ್ಟು ಸಿದ್ಧವಾಯಿತು, ಹಬೆಯಾಡುತ್ತಿದೆ. "ಐ ಹ್ಯಾವ್ ಮೇಡ್ ಉಪ್ಪಿಟ್ಟು." ಮಾಡಿದ್ದೇನೆ, ಬಾ. ಕೆಲಸ ಮುಗಿದಿದೆ, ಅದರ ಫಲ ಈಗ ಎದುರಿಗಿದೆ. ಇದು ಪ್ರೆಸೆಂಟ್ ಪರ್ಫೆಕ್ಟ್.

ಮರುದಿನ ಅದೇ ಉಪ್ಪಿಟ್ಟಿನ ಮಾತು: "ಐ ಮೇಡ್ ಉಪ್ಪಿಟ್ಟು ಯೆಸ್ಟರ್ಡೇ." ನಿನ್ನೆ ಮಾಡಿದೆ, ಕಥೆ ಮುಗಿಯಿತು. ಇದು ಸಿಂಪಲ್ ಪಾಸ್ಟ್. ಪ್ರತಿ ಭಾನುವಾರ ಮಾಡುವ ರೂಢಿಯಿದ್ದರೆ "ಐ ಮೇಕ್ ಉಪ್ಪಿಟ್ಟು ಆನ್ ಸಂಡೇಸ್." ಇದು ಸಿಂಪಲ್ ಪ್ರೆಸೆಂಟ್. ನಾಳೆಯ ಮಾತಾದರೆ "ಐ ವಿಲ್ ಮೇಕ್."

ಒಂದೇ ಉಪ್ಪಿಟ್ಟು, ಐದು ಕಾಲ! ವಾರಕ್ಕೊಂದು ಕಾಲದಂತೆ, ದಿನಕ್ಕೆ ಹತ್ತೇ ನಿಮಿಷ ಸಾಕು. ಹೆಚ್ಚುವುದು, ತೊಳೆಯುವುದು, ಗುಡಿಸುವುದು, ಬಟ್ಟೆ ಮಡಿಸುವುದು ಎಲ್ಲವೂ ಪಾಠಕ್ಕೆ ಒದಗುತ್ತವೆ.

ಎಡವುವ ಕಡೆಗಳು

ಕನ್ನಡ ಎಲ್ಲ ಕಡೆಯೂ ಕೈಹಿಡಿಯುವುದಿಲ್ಲ. "ನಿನ್ನೆ ಅವರನ್ನು ನೋಡಿದ್ದೇನೆ" ಎಂದು ನಾವು ಹೇಳಬಹುದು. ಆದರೆ "ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್ಡೇ" ತಪ್ಪು. ನಿನ್ನೆ, ಹೋದ ವಾರ, 2020ರಲ್ಲಿ ಎಂದು ಮುಗಿದುಹೋದ ಹೊತ್ತನ್ನು ಹೇಳಿದ ಮೇಲೆ 'ಹ್ಯಾವ್' ಬರಕೂಡದು. "ಐ ಸಾ ಹಿಮ್ ಯೆಸ್ಟರ್ಡೇ" ಎನ್ನಬೇಕು.

"ಐದು ವರ್ಷದಿಂದ ಈ ಮನೆಯಲ್ಲಿದ್ದೇವೆ" ಎಂಬುದನ್ನು "ವಿ ಆರ್ ಲಿವಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್" ಎಂದುಬಿಡುತ್ತೇವೆ. ಸರಿಯಾದದ್ದು "ವಿ ಹ್ಯಾವ್ ಲಿವ್ಡ್ ಹಿಯರ್ ಫಾರ್ ಫೈವ್ ಇಯರ್ಸ್." ಎಷ್ಟು ಕಾಲ ಎನ್ನುವುದಕ್ಕೆ 'ಫಾರ್', ಯಾವಾಗಿನಿಂದ ಎನ್ನುವುದಕ್ಕೆ 'ಸಿನ್ಸ್': ಸಿನ್ಸ್ 2019, ಸಿನ್ಸ್ ಮಂಡೇ.

ಇನ್ನು ಕನ್ನಡವೇ ತಿದ್ದಿಕೊಡುವ ತಪ್ಪುಗಳನ್ನು ನೋಡಿ. ಮಗು "ಐ ಡಿಡ್ ನಾಟ್ ವೆಂಟ್" ಎಂದರೆ, "ನಾನು ಹೋದಲಿಲ್ಲ ಅಂತೀವೇನೋ?" ಎಂದು ಕೇಳಿ. ನಕ್ಕುಬಿಡುತ್ತದೆ. ಹೋಗಲಿಲ್ಲ ಎನ್ನುವಾಗ 'ಹೋಗು' ಹೇಗೆ ಭೂತಕಾಲದ ರೂಪ ತಾಳುವುದಿಲ್ಲವೋ, 'ಡಿಡ್' ಬಂದಾಗ 'ಗೋ' ಕೂಡ ಹಾಗೆಯೇ ಉಳಿಯುತ್ತದೆ. "ಐ ಆಮ್ ನೋಯಿಂಗ್" ಎಂದರೆ, "ಗೊತ್ತು" ಎಂಬ ಒಂದೇ ಮಾತನ್ನು ನೆನಪಿಸಿ: "ಐ ನೋ." "ಶಿ ಗೋ" ಎಂದರೆ, "ಅವಳು ಹೋಗುತ್ತೇನೆ" ಎಂದು ಹೇಳಿ ತೋರಿಸಿ. ನಮ್ಮಲ್ಲಿ ನಾನು, ನೀನು, ಅವನು, ಅವಳು, ಅದು ಎಂದು ಪ್ರತಿಯೊಬ್ಬರಿಗೂ ಬೇರೆ ಬಾಲವಿದೆ. ಇಂಗ್ಲಿಷಿನವರು ಈ ಕಾಲದಲ್ಲಿ ಉಳಿಸಿಕೊಂಡಿರುವುದು ಹಿ, ಶಿ, ಇಟ್‌ಗಳ ಒಂದೇ ಒಂದು 'ಎಸ್' ಬಾಲ. ಅದನ್ನೂ ಬಿಟ್ಟರೆ ಹೇಗೆ?

ಉಚ್ಚಾರ, ಬಾಯಿಪಾಠ

'ಇಡಿ' ಎಂಬ ಎರಡಕ್ಷರವನ್ನು ಮೂರು ಬಗೆಯಲ್ಲಿ ಹೇಳುತ್ತಾರೆ. ವಾಷ್, ಕುಕ್ ಆದ ಮೇಲೆ 'ಟ್': ವಾಷ್ಟ್, ಕುಕ್ಟ್. ಫ್ರೈ, ಬಾಯಿಲ್ ಆದ ಮೇಲೆ 'ಡ್': ಫ್ರೈಡ್, ಬಾಯಿಲ್ಡ್. ಕೊನೆಯಲ್ಲಿ ಟ ಅಥವಾ ಡ ಸದ್ದಿದ್ದರೆ ಮಾತ್ರ 'ಎಡ್': ರೋಸ್ಟೆಡ್, ಗ್ರೇಟೆಡ್. 'ಕುಕ್ಕೆಡ್' ಎನ್ನಬೇಡಿ.

ಗೋ, ವೆಂಟ್, ಗಾನ್‌ನಂಥ ನಿಯಮ ಮೀರಿದ ಕ್ರಿಯಾಪದಗಳಿಗೆ ಬೇಸರ ಬೇಡ. ನಮ್ಮಲ್ಲೂ ಮಾಡು ಮಾಡಿದ ಆದರೆ ಕೊಡು ಕೊಟ್ಟ, ಬೀಳು ಬಿದ್ದ, ತಿನ್ನು ತಿಂದ. ಇಂಗ್ಲಿಷ್ ಮನೆಮಾತಿನ ಪುಟ್ಟ ಮಕ್ಕಳೂ 'ವೆಂಟ್' ಎನ್ನುವ ಕಡೆ 'ಗೋಡ್' ಎಂದು ತೊದಲಿಯೇ ದಾಟುತ್ತಾರೆ. ಒಂದು ನೋಟುಪುಸ್ತಕದಲ್ಲಿ ಮೂರು ಗೆರೆ ಎಳೆದು, ಒಂದೇ ತಾಳದವನ್ನು ಒಟ್ಟಿಗೆ ಬರೆಯಿಸಿ. ಬದಲಾಗದವು: ಕಟ್ ಕಟ್ ಕಟ್, ಪುಟ್ ಪುಟ್ ಪುಟ್. ಅವಳಿಜವಳಿ: ಬ್ರಿಂಗ್ ಬ್ರಾಟ್ ಬ್ರಾಟ್, ಬೈ ಬಾಟ್ ಬಾಟ್. ಮೂರೂ ಬೇರೆ: ಸಿಂಗ್ ಸ್ಯಾಂಗ್ ಸಂಗ್, ಡ್ರಿಂಕ್ ಡ್ರ್ಯಾಂಕ್ ಡ್ರಂಕ್. ದಿನಕ್ಕೆ ಮೂರರಂತೆ ಕಲಿತರೆ ಎರಡು ತಿಂಗಳಿಗೆ 180 ಆಗುತ್ತವೆ. ನಿತ್ಯ ಬಳಕೆಗೆ ಧಾರಾಳವಾಯಿತು. ಹಾಡ್ತಾ ಹಾಡ್ತಾ ರಾಗ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಒಂದು ಕಿವಿಮಾತು. ಮಗು ತಪ್ಪಿದಾಗ ಗದರಬೇಡಿ, ನೆಂಟರೆದುರಿಗಂತೂ ತಿದ್ದಲೇಬೇಡಿ. ಸರಿಯಾದ ವಾಕ್ಯವನ್ನು ನೀವೇ ಒಮ್ಮೆ ಹೇಳಿ ಮುಂದುವರಿಯಿರಿ. ನಿಮಗೆ ತಿಳಿಯದ್ದು ಬಂದರೆ "ಬಾ, ಡಿಕ್ಷನರಿ ನೋಡೋಣ" ಎನ್ನಿ. ಅಮ್ಮನೂ ಕಲಿಯುತ್ತಾಳೆ ಎಂಬುದನ್ನು ಕಣ್ಣಾರೆ ಕಂಡ ಮಗು, ಅಮ್ಮನಿಗೆ ಗೊತ್ತಾಗಲ್ಲ ಎಂದು ಪುಸ್ತಕ ಎಳೆದುಕೊಳ್ಳುವುದಿಲ್ಲ. ಪಕ್ಕಕ್ಕೆ ಸರಿದು ಜಾಗ ಕೊಡುತ್ತದೆ.

ಈ ಪಕ್ಷದ ಅಭ್ಯಾಸ

ಉತ್ತರ ಮುಚ್ಚಿಟ್ಟುಕೊಂಡು, ತಾಯಿ ಮಗು ಇಬ್ಬರೂ ಇಂಗ್ಲಿಷಿನಲ್ಲಿ ಹೇಳಿ:

1. ಅವಳು ದಿನಾ ಬಸ್ಸಿನಲ್ಲಿ ಹೋಗುತ್ತಾಳೆ.
2. ಹಾಲು ಉಕ್ಕುತ್ತಿದೆ!
3. ನಾನಿನ್ನೂ ಊಟ ಮಾಡಿಲ್ಲ.
4. ಅಜ್ಜಿ ನಿನ್ನೆ ಬಂದರು.
5. ನಾನು ಬರುವ ಹೊತ್ತಿಗೆ ಬಸ್ಸು ಹೊರಟುಹೋಗಿತ್ತು.

ಉತ್ತರಗಳು: 1. ಶಿ ಗೋಸ್ ಬೈ ಬಸ್ ಎವರಿ ಡೇ. 2. ದ ಮಿಲ್ಕ್ ಈಸ್ ಬಾಯಿಲಿಂಗ್ ಓವರ್! 3. ಐ ಹ್ಯಾವ್ ನಾಟ್ ಈಟನ್ ಯೆಟ್. 4. ಗ್ರ್ಯಾಂಡ್‌ಮದರ್ ಕೇಮ್ ಯೆಸ್ಟರ್ಡೇ. 5. ದ ಬಸ್ ಹ್ಯಾಡ್ ಲೆಫ್ಟ್ ವೆನ್ ಐ ಕೇಮ್. (ಇಲ್ಲಿ ಎರಡೂ ಹಿಂದೆ ನಡೆದವು. ಮೊದಲು ನಡೆದದ್ದಕ್ಕೆ 'ಹ್ಯಾಡ್'.)

ಮೂರು ಸರಿಯಾದರೂ ಬೆನ್ನು ತಟ್ಟಿಕೊಳ್ಳಿ. ಎರಡನೆಯದನ್ನು ಹೇಳುವಾಗ ಮಾತ್ರ ಒಲೆಯ ಕಡೆ ಒಂದು ಕಣ್ಣಿರಲಿ!