ಲ್ಯಾಪ್‌ಟಾಪ್ ಆನ್ ಆಗ್ತಿಲ್ವಾ? ಫಾರ್ಮ್ಯಾಟ್‌ಗೆ ಅವಸರ ಬೇಡ

ಸಿ.ಎಸ್. ಪುರದ ಕಡೆಯಿಂದ ನನಗೆ ಬರೋ ಫೋನುಗಳಲ್ಲಿ ಹೆಚ್ಚಿನವು ಇದೇ: "ಲ್ಯಾಪ್‌ಟಾಪ್ ಸತ್ತೋಯ್ತು, ಏನ್ಮಾಡ್ಲಿ?" ರಿಪೇರಿಗೆ ಅಂತ ಗುಬ್ಬಿಗೋ ತುಮಕೂರಿಗೋ ಬಸ್ಸು ಹತ್ತಿದರೆ, ಅಂಗಡಿಯಲ್ಲಿ ಮೊದಲು ಕೇಳೋ ಮಾತು "ಫಾರ್ಮ್ಯಾಟ್ ಮಾಡಿಬಿಡ್ಲಾ?" ಹೂಂ ಅಂದ್ರೆ ಮುಗೀತು. ತಂಗಿಯ ಪ್ರಾಜೆಕ್ಟು, ಅಪ್ಪ ಸ್ಕ್ಯಾನ್ ಮಾಡಿಸಿಟ್ಟ ಪಹಣಿ, ಮದುವೆ ಫೋಟೋ ಎಲ್ಲಾ ಒಂದೇ ಏಟಿಗೆ ಹೋಗುತ್ತೆ. ಅದಕ್ಕೇ ಈ ವಾರ, ಬಸ್ಸು ಹತ್ತೋ ಮುಂಚೆ ಮನೇಲೇ ನೋಡಬಹುದಾದ್ದನ್ನ ಸಾಲಾಗಿ ಹೇಳ್ತೀನಿ.

ಜೀವ ಇದೆಯಾ? ಚಾರ್ಜರ್, ಪೆನ್‌ಡ್ರೈವ್, ಮೌಸ್ ಎಲ್ಲಾ ಕಿತ್ತುಹಾಕಿ. ಪವರ್ ಬಟನ್ ಮೂವತ್ತು ಸೆಕೆಂಡ್ ಒತ್ತಿ ಹಿಡಿದು ಬಿಡಿ. ಆಮೇಲೆ ಚಾರ್ಜರ್ ಹಾಕಿ ಆನ್ ಮಾಡಿ. ಕರೆಂಟ್ ಹೋಗಿ ಬಂದಾಗ ಮಂಕಾದ ಎಷ್ಟೋ ಲ್ಯಾಪ್‌ಟಾಪ್ ಇಷ್ಟಕ್ಕೇ ಎದ್ದು ಕೂರುತ್ತವೆ. ಕ್ಯಾಪ್ಸ್ ಲಾಕ್ ದೀಪ ಹತ್ತಿ ಆರುತ್ತಿದ್ದು ಪರದೆ ಮಾತ್ರ ಕಪ್ಪಾಗಿದ್ದರೆ, ಎಚ್‌ಡಿಎಂಐ ಕೇಬಲ್‌ನಲ್ಲಿ ಟಿವಿಗೆ ಹಾಕಿ ನೋಡಿ. ಟಿವಿಯಲ್ಲಿ ಚಿತ್ರ ಬಂದರೆ ತೊಂದರೆ ಪರದೆಯದ್ದು, ನಿಮ್ಮ ಫೈಲುಗಳು ಕ್ಷೇಮ.

ವಿಂಡೋಸ್ ಅರ್ಧಕ್ಕೆ ನಿಂತರೆ: ಎರರ್ ಬಂದ ತಕ್ಷಣ ಫೋನಲ್ಲಿ ಫೋಟೋ ತೆಗೀರಿ, ಸ್ಟಾಪ್ ಕೋಡ್ ಮುಂದೆ ಬೇಕಾಗುತ್ತೆ. ಲೋಗೋ ಕಂಡಾಗ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಹೀಗೆ ಎರಡು ಮೂರು ಸಲ ಮಾಡಿದರೆ ರಿಪೇರಿ ಪರದೆ ಬರುತ್ತೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಮೊದಲು ಸ್ಟಾರ್ಟಪ್ ರಿಪೇರ್. ಅಪ್‌ಡೇಟ್ ಆದ ಮೇಲೆ ಕೆಟ್ಟಿದ್ದರೆ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್. ಅದೂ ಆಗದಿದ್ದರೆ ಸ್ಟಾರ್ಟಪ್ ಸೆಟ್ಟಿಂಗ್ಸ್‌ನಿಂದ ಸೇಫ್ ಮೋಡ್.

2024ರ ಜುಲೈ 19 ನೆನಪಿದೆಯಾ? ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ತಪ್ಪು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿದವು ಅಂತ ಮೈಕ್ರೋಸಾಫ್ಟ್ ಅಂದಾಜು ಮಾಡಿತ್ತು. ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಚೆಕ್‌ಇನ್ ಕೈಕೆಲಸಕ್ಕೆ ಇಳಿಯಿತು. ಅಷ್ಟು ದೊಡ್ಡ ಅವಾಂತರಕ್ಕೂ ಮದ್ದು ಇದೇ ಸೇಫ್ ಮೋಡ್: ಒಳಗೆ ಹೋಗಿ ಕೆಟ್ಟ ಫೈಲ್ ಒಂದನ್ನ ಅಳಿಸೋದು. ಫಾರ್ಮ್ಯಾಟ್ ಬೇಕಾಗಿರಲಿಲ್ಲ. ಆದರೆ ಬಿಟ್‌ಲಾಕರ್ ಬೀಗ ಇದ್ದ ಯಂತ್ರಗಳಲ್ಲಿ ರಿಕವರಿ ಕೀ ಹುಡುಕೋದರಲ್ಲೇ ಐಟಿಯವರು ಹೈರಾಣಾದರು.

ಆ ಕೀ ನಿಮ್ಮ ಹತ್ರ ಇದೆಯಾ? ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಬೀಗ ಎಷ್ಟೋ ಸಲ ತಾನಾಗೇ ಬಿದ್ದಿರುತ್ತೆ. ಕೀ 48 ಅಂಕಿಯದು. ಸಾಮಾನ್ಯವಾಗಿ ಲ್ಯಾಪ್‌ಟಾಪ್‌ಗೆ ಲಾಗಿನ್ ಆಗೋ ಮೈಕ್ರೋಸಾಫ್ಟ್ ಖಾತೆಯಲ್ಲೇ ಇರುತ್ತೆ, ಫೋನಿಂದಲೂ ತೆಗೀಬಹುದು. ಅಣ್ಣನೋ ಅಂಗಡಿಯವನೋ ತನ್ನ ಖಾತೆ ಹಾಕಿ ಸೆಟಪ್ ಮಾಡಿಕೊಟ್ಟಿದ್ದರೆ ಕೀ ಅವರ ಖಾತೆಯಲ್ಲಿರುತ್ತೆ, ಕೇಳಿ ಇಸ್ಕೊಳ್ಳಿ. ಕೀ ಇಲ್ಲದೆ ಫೈಲ್ ತೆಗೆಯೋಕೆ ಯಾವ ರಿಪೇರಿಯವರಿಗೂ ಆಗಲ್ಲ.

ಯಾವುದೂ ಆಗದಿದ್ದರೆ: ಬೇರೆ ಕಂಪ್ಯೂಟರಿನಲ್ಲಿ ಉಬುಂಟು ಪೆನ್‌ಡ್ರೈವ್ ಮಾಡಿಕೊಂಡು ಅದರಿಂದ ಬೂಟ್ ಮಾಡಿ. 'ಟ್ರೈ' ಆರಿಸಿ, 'ಇನ್‌ಸ್ಟಾಲ್' ಮುಟ್ಟಬೇಡಿ. ಫೈಲುಗಳನ್ನ ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿ (ಬಿಟ್‌ಲಾಕರ್ ಇದ್ದರೆ ಇಲ್ಲೂ ಕೀ ಬೇಕು). ಆಮೇಲೆ ಬೇಕಾದರೆ ರೀಸೆಟ್ ಮಾಡಿ. ಅದರಲ್ಲಿ 'ಕೀಪ್ ಮೈ ಫೈಲ್ಸ್' ಆರಿಸಿದರೂ ನೀವು ಹಾಕಿಕೊಂಡ ಸಾಫ್ಟ್‌ವೇರ್‌ಗಳು ಹೋಗುತ್ತವೆ.

ಎರಡು ಕಡೆ ಕೈ ಹಾಕಲೇಬೇಡಿ. ಹಾರ್ಡ್ ಡಿಸ್ಕ್ ಟಕ್ ಟಕ್ ಅಂತಿದ್ದರೆ ತಕ್ಷಣ ಆಫ್ ಮಾಡಿ, ಮತ್ತೆ ಮತ್ತೆ ಆನ್ ಮಾಡಿದಷ್ಟೂ ಡೇಟಾ ಸಿಗೋ ಆಸೆ ಕಮ್ಮಿ. ವರ್ಕ್ ಫ್ರಮ್ ಹೋಮ್‌ಗೆ ತಂದ ಕಂಪನಿ ಲ್ಯಾಪ್‌ಟಾಪ್ ಆದರೆ ಐಟಿ ಹೆಲ್ಪ್‌ಡೆಸ್ಕ್‌ಗೆ ಫೋನ್ ಮಾಡಿ, ಅದರ ಕೀ ಅವರ ಹತ್ರ ಇರುತ್ತೆ.

ಲ್ಯಾಪ್‌ಟಾಪ್ ಇವತ್ತು ಚೆನ್ನಾಗಿದ್ದರೆ ರಾತ್ರಿ ಊಟ ಆದಮೇಲೆ ಎರಡು ಕೆಲಸ ಮಾಡಿ: ರಿಕವರಿ ಕೀಯನ್ನ ಕಾಗದದ ಮೇಲೆ ಬರೆದು ಬೀರುವಿನಲ್ಲಿಡಿ, ಮುಖ್ಯ ಫೈಲುಗಳನ್ನ ಹೊರಗಿನ ಡಿಸ್ಕಿಗೆ ಹಾಕಿ. ಅಪ್ಪನ ಪಹಣಿಯಿಂದಲೇ ಶುರುಮಾಡಿ.