ಊರಿಲ್ಲದ ದ್ವೀಪವೇ ಬೇಕೆ?

2024ರ ಜನವರಿಯಲ್ಲಿ ಪ್ರಧಾನಿ ಲಕ್ಷದ್ವೀಪಕ್ಕೆ ಹೋಗಿಬಂದ ಮೇಲೆ ನನ್ನ ಗೆಳೆಯರದ್ದು ಒಂದೇ ಪ್ರಶ್ನೆ: ಉಳಿಯಲು ಯಾವ ದ್ವೀಪ ಒಳ್ಳೆಯದು? ಉತ್ತರವನ್ನೂ ಅವರೇ ಇಟ್ಟುಕೊಂಡಿರುತ್ತಾರೆ: ಬಂಗಾರಂ. ಅಲ್ಲಿ ಊರಿಲ್ಲ, ಮದ್ಯಕ್ಕೂ ಅಡ್ಡಿಯಿಲ್ಲ. ಊರಿಲ್ಲದಿರುವುದನ್ನೂ ಸೌಲಭ್ಯವೆಂದು ಎಣಿಸುವ ಈ ಅಭಿರುಚಿಯ ಮೇಲೆಯೇ ನನ್ನ ತಕರಾರು.

ಅಮಿನಿ, ಕಡಮತ್, ಕಿಲ್ತಾನ್ 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ತೆಂಗಿನ ಸರಕು ಹೊತ್ತ ಓಡಗಳು ಮಂಗಳೂರಿಗೆ ಬರುತ್ತಿದ್ದ ಕಾಲದಲ್ಲಿ ದ್ವೀಪವೆಂದರೆ ದ್ವೀಪದ ಜನ. ಈಗ ಬರೀ ಬಿಳಿ ಮರಳು.

ಲಕ್ಷದ್ವೀಪದ ಒಟ್ಟು ನೆಲ 32 ಚದರ ಕಿಲೋಮೀಟರ್. 2011ರ ಜನಗಣತಿಯಂತೆ ಅದರ ಮೇಲೆ 64 ಸಾವಿರ ಜನ. ನದಿಯಿಲ್ಲ, ತೊರೆಯಿಲ್ಲ. ಹವಳದ ಮರಳಲ್ಲಿ ಇಂಗಿದ ಮಳೆನೀರು ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ನಿಲ್ಲುತ್ತದೆ. ಬಾವಿಗೆ ಬರುವುದು ಅದೇ. ಪಂಪು ಹಾಕಿ ವಿಪರೀತ ಎಳೆದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರವನ್ನು 2005ರಲ್ಲಿ ಕವರತ್ತಿಯಲ್ಲಿ ಹಾಕಿದ್ದು ಸುಮ್ಮನೆ ಅಲ್ಲ.

ಅದಕ್ಕೇ ಹೇಳುತ್ತೇನೆ, ಅಗತ್ತಿಯಂಥ ಕಡೆ ಊರವರ ಹೋಂಸ್ಟೇಯಲ್ಲಿ ಉಳಿಯಿರಿ. ಮನೆಯವರು ಬಳಸುವ ನೀರನ್ನೇ ನೀವೂ ಬಳಸುವಾಗ, ಎರಡನೇ ಸಲ ಷವರ್ ತಿರುಗಿಸುವ ಮುಂಚೆ ಕೈ ತಡೆಯುತ್ತದೆ. ರೆಸಾರ್ಟಿನಲ್ಲಿ ತಡೆಯುವವರು ಯಾರು? ಬಾಡಿಗೆಯೂ ನೇರ ಮನೆಯವರಿಗೇ.

“ಅವರ ಕಟ್ಟುಪಾಡಿನ ನಡುವೆ ಮುಜುಗರ” ಎನ್ನುತ್ತಾರೆ. ಇನ್ನೊಬ್ಬರ ಊರಿಗೆ ಹೋದವರಿಗೆ ಅಷ್ಟಾದರೂ ಆಗಬೇಡವೆ? ಹೋಗಲು ಪರವಾನಗಿ ಹೇಗೂ ಬೇಕು. ಅರ್ಜಿ ತುಂಬುವಾಗ ದ್ವೀಪದ ಹೆಸರು ಕೇಳಿದಲ್ಲಿ ಅಗತ್ತಿ ಎಂದೇ ಬರೆಯಿರಿ.