ಬೆಳಗಿನ ಮೊದಲ ಹೊತ್ತು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಕಡೆ ಸಂಸಾರ ಹೂಡಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು, “ಪ್ರಾತಃಕಾಲದ ಪ್ರಾರ್ಥನೆಗೂ ಸತ್ಯವೇದ ಪಠನಕ್ಕೂ ಹೊತ್ತೆಲ್ಲಿ?” ಎಂದು ಕೇಳುವುದುಂಟು. ಇದನ್ನು ಸೋಮಾರಿಗಳ ನೆವವೆಂದು ನಾವು ತಳ್ಳಿಹಾಕಲಾರೆವು. ಒಲೆ, ಕೊಟ್ಟಿಗೆ, ಮಕ್ಕಳು, ತೋಟದ ಆಳುಗಳ ಊಟ ಇವೆಲ್ಲವೂ ಬೆಳಕು ಹರಿಯುವ ಮುನ್ನವೇ ಅವರನ್ನು ಕರೆಯುತ್ತವೆ.

ಆದರೂ ನಮ್ಮ ಅಭಿಪ್ರಾಯವಿದು: ಈ ಹೊತ್ತು ತಾನಾಗಿ ದೊರೆಯುವುದಲ್ಲ, ಮನೆಯವರೆಲ್ಲರೂ ಕೂಡಿ ಒದಗಿಸಿಕೊಡಬೇಕಾದುದು. ಗೃಹಿಣಿಯೊಬ್ಬಳೇ ನಿದ್ರೆಗೆಟ್ಟು ಪ್ರಾರ್ಥಿಸಲೆಂಬುದು ನ್ಯಾಯವಲ್ಲ. ಗಂಡನೋ ಮಗನೋ ನೀರು ತಂದು, ಹಸುವಿಗೆ ಹುಲ್ಲು ಹಾಕಿದರೆ ಆಕೆಗೆ ಕಾಲು ಗಂಟೆ ಉಳಿಯದೇ? ನಮ್ಮ ಕರ್ತನು ಸಂಜೆಯೆಲ್ಲಾ ರೋಗಿಗಳ ನಡುವೆ ದುಡಿದು, ಮರುದಿನ ಹೊತ್ತು ಮೂಡುವ ಮೊದಲೇ ಏಕಾಂತವನ್ನು ಹುಡುಕಿ ಹೋದನೆಂಬುದು ಮಾರ್ಕನ ಸುವಾರ್ತೆಯ ಮೊದಲನೆಯ ಅಧ್ಯಾಯದಲ್ಲಿಯೇ ಇದೆ.

ಸತ್ಯವೇದವು ಸಂಪೂರ್ಣವಾಗಿ ಕನ್ನಡದಲ್ಲಿ ಅಚ್ಚಾದುದು 1831ರಲ್ಲಿ, ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸರ ದೀರ್ಘ ಶ್ರಮದಿಂದ. ಅಂದು ಅದನ್ನು ಓದಬಲ್ಲ ಸ್ತ್ರೀಯರು ವಿರಳ. ಇಂದು ಓದಬಲ್ಲ ನಮ್ಮ ಹೆಣ್ಣುಮಕ್ಕಳು ಗ್ರಂಥವನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಕಲಿತ ಅಕ್ಷರಕ್ಕೆ ಫಲವೇನು?

ಆರಂಭವು ಅಲ್ಪವಾಗಿರಲಿ. ದಿನಕ್ಕೊಂದು ಅಧ್ಯಾಯದಂತೆ ಮಾರ್ಕನ ಸುವಾರ್ತೆಯು 16 ದಿನಗಳಲ್ಲಿಯೂ, ದಿನಕ್ಕೊಂದರಂತೆ ಕೀರ್ತನೆಗಳು 150 ದಿನಗಳಲ್ಲಿಯೂ ಮುಗಿಯುವುವು. ಅಟ್ಟಕ್ಕೇರಿಸಿದ ಕಾಯಿ ಒಂದೇ ದಿನದಲ್ಲಿ ಉಂಡೆ ಕೊಬ್ಬರಿಯಾಗದು. ತಿಂಗಳುಗಟ್ಟಲೆ ಅಲ್ಲಿಯೇ ಇದ್ದು, ಒಳಗಿನ ನೀರು ಇಂಗಿದ ಮೇಲೆ ಗಟ್ಟಿಗೊಳ್ಳುವುದು. ಭಕ್ತಿಯೂ ಹಾಗೆಯೇ.

ಆದಕಾರಣ, ತಂದೆತಾಯಿಗಳೇ, ನಿಮ್ಮ ಮಗಳಿಗೆ ಸತ್ಯವೇದವನ್ನು ಕೊಟ್ಟರೆ ಸಾಲದು. ಅದನ್ನು ತೆರೆಯುವ ಬಿಡುವನ್ನೂ ಕೊಡಿರಿ. ಮನೆಗೆ ಬಂದ ಸೊಸೆಗೂ ಅದನ್ನೇ ಕೊಡಿರಿ.